ತಡವಾದವರ ಪುಸ್ತಕ

ಎಂಟು ಗಂಟೆ ಹನ್ನೆರಡು ನಿಮಿಷಕ್ಕೆ ತಿಂಕಾರಾ ಬಂದಳು. ಬರುತ್ತಾಳೆಂದು ಮಿಲೊಯ್ಕಾಗೆ ಗೊತ್ತಿದ್ದುದರಿಂದಲೇ ಪುಸ್ತಕ ಇನ್ನೂ ತೆರೆದಿತ್ತು. ಶಾಲೆಯ ಮುಂಬಾಗಿಲು ದಾಟಿದ ಕೂಡಲೇ ಎಡಗಡೆಗೆ ಸಿಗುವ ಆ ಸಣ್ಣ ಮೇಜು, ಅದರ ಮೇಲಿನ ಉದ್ದನೆಯ ಪುಸ್ತಕ, ದಾರ ಕಟ್ಟಿದ ಪೆನ್ನು, ಎಲ್ಲವೂ ಮಿಲೊಯ್ಕಾಳ ತಲೆಯಿಂದಲೇ ಬಂದವು. ತಡವಾಗಿ ಬಂದವರು ಹೆಸರು, ತರಗತಿ, ಗಂಟೆ, ಕಾರಣ ಬರೆದು ಒಳಗೆ ಹೋಗಬೇಕು. ಬೈಗುಳವಿಲ್ಲ, ಕಿವಿ ಹಿಂಡುವುದಿಲ್ಲ, ಬರೆಯುವುದಷ್ಟೆ. ಮೂರು ವರ್ಷದಲ್ಲಿ ವಾರಕ್ಕೆ ನಲವತ್ತಿದ್ದ ಹೆಸರುಗಳು ಹನ್ನೆರಡಕ್ಕೆ ಇಳಿದಿದ್ದವು. ಕಣಿವೆಯ ಬೇರೆ ಶಾಲೆಗಳ ಆಪ್ತಸಮಾಲೋಚಕಿಯರು ಬಸ್ಸು ಮಾಡಿಕೊಂಡು ಬಂದು ಈ ಮೇಜನ್ನು ನೋಡಿ, ಇದರ ಅಳತೆಯನ್ನೂ ಕೇಳಿಕೊಂಡು ಹೋಗಿದ್ದರು. ಅಳತೆ ಕೇಳಿದಾಗ ಮಿಲೊಯ್ಕಾಗೆ ನಗು ಬಂದಿತ್ತು, ಆದರೆ ನಗದೆ ಹೇಳಿದ್ದಳು. ಅವಳು ಈ ಶಾಲೆಯಲ್ಲಿ ಇಪ್ಪತ್ತೇಳು ವರ್ಷದಿಂದ ಆಪ್ತಸಮಾಲೋಚಕಿ, ಒಂದೇ ಒಂದು ದಿನ ತಡವಾದವಳಲ್ಲ. ಮನೆ ರಸ್ತೆಯ ಆಚೆಗೇ ಇದೆ, ಅಡುಗೆಮನೆಯ ಕಿಟಕಿ ಇಲ್ಲಿಂದಲೇ ಕಾಣುತ್ತದೆ, ಅದರಲ್ಲೇನು ಹೆಚ್ಚುಗಾರಿಕೆ ಎಂದು ಯಾರಾದರೂ ಅಂದರೆ ಅವಳ ಮುಖ ಬಿಗಿಯುತ್ತಿತ್ತು. ಹತ್ತಿರ ಇರುವವರೇ ಎಲ್ಲರಿಗಿಂತ ತಡವಾಗಿ ಬರುತ್ತಾರೆ, ಬೇಕಾದರೆ ಪುಸ್ತಕ ನೋಡಿ ಎನ್ನುತ್ತಿದ್ದಳು.

ತಿಂಕಾರಾ ಬಗ್ಗಿ ಬರೆದಳು. ಎಂಟನೆಯ ತರಗತಿಯ ಎತ್ತರದ ಹುಡುಗಿ, ಬಗ್ಗುವಾಗಲೂ ಗದ್ದ ಕೆಳಗಿಳಿಯುತ್ತಿರಲಿಲ್ಲ. ಕಾರಣದ ಅಂಕಣದಲ್ಲಿ ‘ಬಸ್ಸು’ ಎಂದು ಬರೆದಳು. ಜನವರಿಯಿಂದ ಇಂದಿನವರೆಗೆ ಇದು ಮೂವತ್ತೊಂದನೆಯ ಬಸ್ಸು.

“ಮತ್ತೆ ಬಸ್ಸಾ?”

“ಹೂಂ ಮೇಡಂ.”

“ಇವತ್ತು ಬಸ್ಸಿಗೆ ಏನಾಯ್ತಂತೆ?”

“ಬಸ್ಸಿಗೆ ಏನೂ ಆಗಿಲ್ಲ. ಇಲ್ಲಿ ಕಾರಣ ಬರೀಬೇಕು ಅಂತಿದೆ, ಬರೆದೆ.”

ಹುಡುಗಿ ಪೆನ್ನನ್ನು ಅದರ ಜಾಗದಲ್ಲಿಟ್ಟು ಚಪ್ಪಲಿ ಕೋಣೆಯ ಕಡೆ ಹೋದಳು. ಹೊರಗಿನ ಬೂಟು ಬಿಚ್ಚಿ ಒಳಗಿನ ಬಟ್ಟೆಚಪ್ಪಲಿ ಹಾಕಿಕೊಳ್ಳದೆ ಯಾವ ಮಗುವೂ ತರಗತಿಗೆ ಹೋಗುವಂತಿಲ್ಲ, ಮೇಷ್ಟರುಗಳೂ ಅಷ್ಟೆ. ಈ ಹೊತ್ತಿನಲ್ಲಿ ಆ ಕೋಣೆಯಲ್ಲಿ ನರಪಿಳ್ಳೆ ಇರುವುದಿಲ್ಲ. ಎರಡು ಸಾಲು ಬೆಂಚು, ಗೂಡುಗಳಲ್ಲಿ ಇನ್ನೂರು ಜೊತೆ ಬೂಟು, ನೆಲದ ಮೇಲೆ ಕರಗಿದ ಮಂಜಿನ ನೀರು, ಅಷ್ಟೆ. ಮಿಲೊಯ್ಕಾ ಪೆನ್ನನ್ನು ಎತ್ತಿಕೊಂಡಳು. ಅದು ಬೆಚ್ಚಗಿತ್ತು. ಹೊರಗೆ ಬೆಳಗಿನ ಆರರಿಂದ ಹಸಿ ಮಂಜು ಬೀಳುತ್ತಿದೆ, ಇವತ್ತು ಸಹಿ ಹಾಕಿದ ಉಳಿದ ಮಕ್ಕಳ ಬೆರಳು ಕೆಂಪಗೆ ಮರಗಟ್ಟಿ ಅಕ್ಷರವೇ ಮೂಡುತ್ತಿರಲಿಲ್ಲ. ಇವಳ ಪೆನ್ನು ಯಾಕೆ ಬೆಚ್ಚಗಿರಬೇಕು ಎಂಬ ಪ್ರಶ್ನೆ ಬಂತು. ಬಂದ ಪ್ರಶ್ನೆಯನ್ನು ಬದಿಗೆ ಸರಿಸಿ ಅವಳು ಪುಸ್ತಕ ಮುಚ್ಚಿದಳು.

ತನ್ನ ಕೋಣೆಯಲ್ಲಿ ಕುಳಿತು ಮಧ್ಯಾಹ್ನ ಎರಡು ಗಂಟೆಯ ಶಿಕ್ಷಕರ ಸಭೆಗೆ ಕಾಗದಗಳನ್ನು ಜೋಡಿಸುವಾಗ ಮಿಲೊಯ್ಕಾ ತಾನೇ ಬರೆದ ವಾಕ್ಯವನ್ನು ಮತ್ತೊಮ್ಮೆ ಓದಿದಳು. ‘ವಿದ್ಯಾರ್ಥಿನಿ ಕಾರಣದ ವಿಷಯದಲ್ಲಿ ನಿರಂತರವಾಗಿ ಸುಳ್ಳು ಹೇಳುತ್ತಿದ್ದಾಳೆ, ಬಸ್ಸು ಪ್ರತಿದಿನವೂ ಏಳು ಇಪ್ಪತ್ತಕ್ಕೇ ಬಂದಿರುವುದನ್ನು ಚಾಲಕರಿಂದ ಖಚಿತಪಡಿಸಿಕೊಳ್ಳಲಾಗಿದೆ.’ ಒಳ್ಳೆಯ ವಾಕ್ಯ. ಚಾಲಕನಿಗೆ ಫೋನು ಮಾಡಿದ ದಿನ ಅವಳಿಗೆ ಆದ ಖುಷಿ ಎಂಥದು ಎಂದು ಈಗ ನೆನೆದರೆ ಸ್ವಲ್ಪ ಮುಜುಗರವಾಗುತ್ತಿತ್ತು, ಕಳ್ಳನ ಜೇಬಿನಿಂದ ಮಾಲು ಎಳೆದು ತೋರಿಸಿದ ಖುಷಿ ಅದು. ತಿಂಕಾರಾಗೆ ಎರಡು ಎಚ್ಚರಿಕೆ ಪತ್ರ ಆಗಲೇ ಹೋಗಿದ್ದವು. ಇವತ್ತು ಮೂರನೆಯದು. ಮೂರಾದ ಮೇಲೆ ಮನೆಯವರ ಒಪ್ಪಿಗೆ ಇಲ್ಲದೆಯೂ ಅವಳನ್ನು ಕಣಿವೆಯ ಕೆಳಗಿನ ಪಟ್ಟಣದ ಶಾಲೆಗೆ ಕಳಿಸಬಹುದು, ಮುಖ್ಯೋಪಾಧ್ಯಾಯಿನಿ ಕ್ಸೇನಿಯಾ ಆ ಶಾಲೆಯೊಂದಿಗೆ ಮಾತಾಡಿಯೂ ಆಗಿತ್ತು. ಗೋಡೆಯ ಮೇಲೆ ಪುರಸಭೆಯ ಪ್ರಶಸ್ತಿ ಪತ್ರ ಗಾಜಿನೊಳಗೆ ಹೊಳೆಯುತ್ತಿತ್ತು. ಅದನ್ನು ಕೊಟ್ಟ ದಿನ ಪುರಸಭೆಯ ಅಧ್ಯಕ್ಷರು, ಸಮಯಪಾಲನೆ ಇವರ ರಕ್ತದಲ್ಲೇ ಇದೆ ಎಂದಿದ್ದರು. ಚಪ್ಪಾಳೆ ಬಿದ್ದಾಗ ಅವಳ ಎದೆ ಉಬ್ಬಿತ್ತು. ಅದೇ ಗಳಿಗೆಯಲ್ಲಿ, ಸಭಾಂಗಣದ ನೆಲವನ್ನು ಆಗ ತಾನೇ ಒರೆಸಿದ್ದರೋ ಏನೋ, ಫಿನಾಯಿಲಿನ ವಾಸನೆ ಮೂಗಿಗೆ ಬಂದು ಅವಳು ತಲೆ ತಗ್ಗಿಸಿದಳು. ಎಷ್ಟು ವಿನಯ ನೋಡಿ ಎಂದು ಯಾರೋ ಅಂದರು. ಅವಳು ಇದೇ ಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ, ಬೆಳಗಿನ ಆರಕ್ಕೆ ಅಮ್ಮನ ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದು ಕೈಯಲ್ಲಿ ಅವಳು. ಅಮ್ಮ ಮೇಲಿನ ಮಹಡಿಯಿಂದ ಒರೆಸುತ್ತ ಬರುವಷ್ಟರಲ್ಲಿ ಅವಳು ಬೂಟು ಬಿಚ್ಚಿ ಚಪ್ಪಲಿ ಹಾಕಿಕೊಂಡು ತರಗತಿಯ ಕತ್ತಲಲ್ಲಿ ಕುಳಿತಿರುತ್ತಿದ್ದಳು, ಗಂಟೆ ಬಾರಿಸಲು ಇನ್ನೂ ಒಂದೂವರೆ ಗಂಟೆ. ನೆಲ ಒರೆಸುವ ಅಮ್ಮ ಪಾವ್ಲಾಳ ಜೊತೆ ಅವಳು ನಡೆದು ಬರುವುದನ್ನು ಯಾರೂ ಕಾಣಬಾರದು. ತನ್ನ ಉಣ್ಣೆಯ ಅಂಗಿಯಲ್ಲೂ ಅದೇ ವಾಸನೆ ಇರುತ್ತಿತ್ತು, ಅದು ತನಗೆ ಮಾತ್ರ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಹತ್ತು ವರ್ಷ ತುಂಬಿದ ದಿನ ಅವಳು ಅಮ್ಮನಿಗೆ ಹೇಳಿದ್ದಳು, ಪಡಸಾಲೆಯಲ್ಲಿ ಎದುರು ಸಿಕ್ಕಿದರೆ ನನ್ನ ಮಾತಾಡಿಸಬೇಡ ಎಂದು. ಮುಂದಿನ ಐದು ವರ್ಷ ಆ ಪಡಸಾಲೆಯಲ್ಲಿ ಅಮ್ಮ ಅವಳನ್ನು ಕಂಡರೂ ಕಾಣದಂತೆ ಒರೆಸುತ್ತ ಹೋದಳು, ಅವಳ ಚಪ್ಪಲಿಯ ಸುತ್ತಲೂ ಒರೆಸಿಕೊಂಡು. ಮಿಲೊಯ್ಕಾ ಕಾಗದಗಳನ್ನು ಕ್ಲಿಪ್ಪಿಗೆ ಸಿಕ್ಕಿಸಿದಳು.

ಹತ್ತು ಗಂಟೆಯ ತಿಂಡಿಯ ಹೊತ್ತಿಗೆ, ಬ್ರೆಡ್ಡಿಗೆ ಜೇನು ಸವರುತ್ತಿದ್ದಾಗ, ಅವಳ ಕೈ ನಿಂತಿತು. ಕೂದಲು. ಆ ಹುಡುಗಿಯ ಕೂದಲು ಒಣಗಿತ್ತು. ಭುಜವೂ ಒಣಗಿತ್ತು. ಬೆರಳ ತುದಿಗಳು ಬಟ್ಟೆ ಒಗೆದವರ ಬೆರಳಿನಂತೆ ಸುಕ್ಕಾಗಿದ್ದವು. ಅವಳು ಬಂದದ್ದು ಮಂಜಿನಿಂದಲ್ಲ. ಮಿಲೊಯ್ಕಾಗೆ ಆ ಬಿಸಿ ಎಲ್ಲಿಯದೆಂದು ಯೋಚಿಸಿ ಗೊತ್ತುಮಾಡಿಕೊಳ್ಳಬೇಕಾಗಿರಲಿಲ್ಲ. ಶಾಲೆಯಲ್ಲಿ ಬೆಳಗಿನ ಏಳಕ್ಕೆ ಬೆಚ್ಚಗಿರುವುದು ಒಂದೇ ಜಾಗ. ಬ್ರೆಡ್ಡನ್ನು ಅಲ್ಲೇ ಬಿಟ್ಟು ಅವಳು ನೆಲಮಾಳಿಗೆಗೆ ಇಳಿದಳು. ಹದಿನಾಲ್ಕು ಮೆಟ್ಟಿಲು, ಅವಳ ಕಾಲುಗಳಿಗೆ ಲೆಕ್ಕ ಇನ್ನೂ ನೆನಪಿತ್ತು. ಇಪ್ಪತ್ತೇಳು ವರ್ಷ ಇಲ್ಲಿ ಕೆಲಸ ಮಾಡಿಯೂ ಅವಳು ಒಮ್ಮೆಯೂ ಕೆಳಗಿಳಿದಿರಲಿಲ್ಲ, ಏನಾದರೂ ಬೇಕಾದರೆ ಮೇಲಿನಿಂದಲೇ ಫೋನು ಮಾಡುತ್ತಿದ್ದಳು.

ಬಾಯ್ಲರ್ ಕೋಣೆಯಲ್ಲಿ ಸ್ಟೊಯಾನ್ ಸ್ಟೂಲಿನ ಮೇಲೆ ಕುಳಿತು ಸೇಬು ಹೆಚ್ಚುತ್ತಿದ್ದ. ಶಾಲೆಯ ಕಟ್ಟಡ ನೋಡಿಕೊಳ್ಳುವವನು, ಬರುವ ಜೂನಿಗೆ ನಿವೃತ್ತಿ. ಅಮ್ಮನ ಕಾಲದಲ್ಲಿ ಮೀಸೆ ಚಿಗುರಿದ ಹೊಸಬನಾಗಿ ಸೇರಿದ್ದ. ಮೇಲಿನ ಪಡಸಾಲೆಯಲ್ಲಿ ಅವಳನ್ನು ‘ಮೇಡಂ’ ಎನ್ನುವವನು ಇಲ್ಲಿ ಎದ್ದೂ ನಿಲ್ಲಲಿಲ್ಲ.

“ಅಬ್ಬಾ, ಮಿಲೊಯ್ಕಾ. ದಾರಿ ತಪ್ಪಿ ಬಂದ್ಯಾ?”

ಬಿಸಿನೀರಿನ ಕೊಳವೆಯ ಮೇಲೆ ಒಂದು ಜೊತೆ ಬೂದು ಬಣ್ಣದ ಉಣ್ಣೆ ಕಾಲುಚೀಲ ಒಣಗುತ್ತಿತ್ತು. ಕೆಳಗೆ ಮಗುಚಿಟ್ಟ ತಗಡಿನ ಬೋಗುಣಿ, ಅದರ ಮೇಲೆ ಒಂದು ತುಂಡು ಸೋಪು. ಬೋಗುಣಿ ಹಳೆಯದು, ಅಂಚಿನಲ್ಲಿ ನೀಲಿ ಬಣ್ಣ ಎದ್ದಿತ್ತು.

“ಅದು ಅಮ್ಮಂದಲ್ವಾ?”

“ಅವಳದೇ. ಅವಳು ಹೋದ್ಮೇಲೆ ಯಾರೂ ಕೇಳ್ಲಿಲ್ಲ, ನೇತುಹಾಕಿದ್ದೆ. ಈಗ ಆ ರವ್ನೆ ಹಳ್ಳಿ ಹುಡುಗಿಗೆ ಕೊಟ್ಟಿದ್ದೀನಿ.”

“ದಿನಾ ಬರ್ತಾಳಾ?”

“ಏಳು ಇಪ್ಪತ್ತೈದಕ್ಕೆ ಹಿತ್ತಿಲ ಬಾಗಿಲು ತಟ್ತಾಳೆ. ಕೈಕಾಲು ತೊಳ್ಕೋತಾಳೆ, ಕಾಲುಚೀಲ ಬದಲಾಯಿಸ್ತಾಳೆ, ಪಾಠ ಓದ್ತಾಳೆ. ಎಂಟು ಹತ್ತಕ್ಕೆ ಎದ್ದು ಸೂರಿನ ಕೆಳಗಿಂದ್ಲೇ ಸುತ್ತು ಹಾಕ್ಕೊಂಡು ನಿನ್ನ ದರ್ಬಾರಿಗೆ ಹಾಜರಾಗ್ತಾಳೆ.”

“ನನಗ್ಯಾಕೆ ಹೇಳ್ಲಿಲ್ಲ ನೀವು?”

“ನೀನು ಬಸ್ ಡ್ರೈವರನ್ನ ಕೇಳ್ದೆ. ನನ್ನ ಕೇಳ್ಲಿಲ್ಲ.” ಸ್ಟೊಯಾನ್ ಸೇಬಿನ ಹೋಳನ್ನು ಚಾಕುವಿನ ತುದಿಯಲ್ಲಿ ಅವಳತ್ತ ಚಾಚಿದ. ಅವಳು ತೆಗೆದುಕೊಳ್ಳದಿದ್ದಾಗ ತಾನೇ ಬಾಯಿಗೆ ಹಾಕಿಕೊಂಡ. “ಡಿಸೆಂಬರ್ ತನಕ ಅವಳೇ ಇಡೀ ಶಾಲೆಗೆ ಮೊದಲು ಬರ್ತಿದ್ದೋಳು, ಗೊತ್ತಾ? ಬಸ್ಸಿಳಿದು ಸೀದಾ ಚಪ್ಪಲಿ ಕೋಣೆಗೆ ಬಂದು, ಬೂಟು ಬಿಚ್ಚಿ, ಚೀಲಕ್ಕೆ ತುಂಬಿ, ಓಡೋಳು. ನಂಗೆ ಯಾವಳೋ ಇನ್ನೊಬ್ಬಳ ನೆನಪಾಗೋದು. ಆಮೇಲೆ ನೀನು ಬೀಗ ಹಾಕ್ಸಿದೆ.”

ಹೌದು, ಬೀಗ ಹಾಕಿಸಿದವಳು ಅವಳೇ. ಚಪ್ಪಲಿ ಕೋಣೆ ಬೆಳಿಗ್ಗೆ ಏಳರಿಂದ ತೆರೆದಿದ್ದರೆ ಮಕ್ಕಳು ಬಿಡಿಬಿಡಿಯಾಗಿ ನುಗ್ಗುತ್ತಾರೆ, ಎಣಿಕೆ ಸಿಗುವುದಿಲ್ಲ. ಏಳು ನಲವತ್ತೈದಕ್ಕೆ ತೆರೆದು, ಎಂಟಾದ ಮೇಲೆ ಪುಸ್ತಕದಲ್ಲಿ ಬರೆದವರನ್ನಷ್ಟೇ ಬಿಟ್ಟರೆ ಯಾರು ಬಂದರು, ಯಾರು ಬರಲಿಲ್ಲ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಜನವರಿಯ ಈ ಸುಧಾರಣೆಯನ್ನು ಕ್ಸೇನಿಯಾ ತುಂಬಾ ಹೊಗಳಿದ್ದಳು. ಇನ್ನೂರು ಮಕ್ಕಳು ಹದಿನೈದು ನಿಮಿಷದಲ್ಲಿ ಮೈಗೆ ಮೈ ತಾಗಿಸಿ ಬೂಟು ಬಿಚ್ಚುವ ಕೋಣೆಯನ್ನು ಮಿಲೊಯ್ಕಾ ಈಗ ಮೊದಲ ಬಾರಿಗೆ ಕಣ್ಣ ಮುಂದೆ ತಂದುಕೊಂಡಳು. ತಡವಾದವರ ಪುಸ್ತಕ ಇತ್ತು, ಎಲ್ಲರಿಗಿಂತ ಮೊದಲು ಬಂದವಳ ಪುಸ್ತಕ ಇರಲಿಲ್ಲ. ಇದ್ದಿದ್ದರೆ ಡಿಸೆಂಬರಿನವರೆಗೆ ಯಾರ ಹೆಸರು ಎಲ್ಲಕ್ಕಿಂತ ಮೇಲೆ ಇರುತ್ತಿತ್ತೆಂದು ನೋಡಬಹುದಿತ್ತು. ಅವಳು ಬೋಗುಣಿಯ ಅಂಚನ್ನು ಬೆರಳಿಂದ ಮುಟ್ಟಿದಳು. ಇದರಲ್ಲಿ ಅಮ್ಮ ಕೈ ತೊಳೆದು, ತೊಳೆದು, ಮೂಸಿ ನೋಡಿ, ಮತ್ತೆ ತೊಳೆಯುತ್ತಿದ್ದಳು.

ಕೊನೆಯ ಪಾಠ ಒಂದು ನಲವತ್ತಕ್ಕೆ ಮುಗಿಯಿತು. ಮಿಲೊಯ್ಕಾ ಮತ್ತೆ ಕೆಳಗಿಳಿದು ಸ್ಟೊಯಾನನ ಸ್ಟೂಲಿನ ಮೇಲೆ ಕುಳಿತಿದ್ದಳು. ಅವನು ಮಂಜು ಬಾಚುವ ನೆಪದಲ್ಲಿ ಹೊರಗೆ ಹೋಗಿದ್ದ. ಸಾಮಾನ್ಯವಾಗಿ ಅವಳು ಸಭೆಗೆ ಹತ್ತು ನಿಮಿಷ ಮೊದಲೇ ಹೋಗಿ ಕಿಟಕಿ ಪಕ್ಕದ ಕುರ್ಚಿ ಹಿಡಿಯುವವಳು. ಒಂದು ಐವತ್ತಕ್ಕೆ ತಿಂಕಾರಾ ಕಾಲುಚೀಲಕ್ಕಾಗಿ ಬಂದಳು. ಮಿಲೊಯ್ಕಾಳನ್ನು ಕಂಡು ಬಾಗಿಲಲ್ಲೇ ನಿಂತಳು, ಗದ್ದ ಇನ್ನೂ ಸ್ವಲ್ಪ ಮೇಲೆ ಹೋಯಿತು.

“ಸ್ಟೊಯಾನ್ ತಾತನ ತಪ್ಪಿಲ್ಲ,” ಎಂದಳು. “ನಾನೇ ಕೇಳಿದ್ದು.”

“ಗೊತ್ತು. ಕೂತ್ಕೋ.”

“ನಿಂತೇ ಇರ್ತೀನಿ.”

“ನಾನು ಕಾರಣ ಕೇಳೋಕೆ ಬಂದಿಲ್ಲ. ಬೀಗ ಹಾಕಿಸಿದ್ದು ನಾನೇ ಅಂತ ಹೇಳೋಕೆ ಬಂದೆ.”

ಹುಡುಗಿ ಕೊಳವೆಯ ಮೇಲಿನ ಕಾಲುಚೀಲಗಳನ್ನು ಎಳೆದು ಒಂದರೊಳಗೊಂದು ಮಡಿಸಿದಳು. ಆಮೇಲೆ, ಯಾರೂ ಕೇಳದೆ ಇದ್ದುದರಿಂದಲೇ ಇರಬೇಕು, ಹೇಳತೊಡಗಿದಳು. ಅವರ ಮನೆಯಲ್ಲಿ ಹನ್ನೊಂದು ಹಸು. ಬೆಳಿಗ್ಗೆ ಐದಕ್ಕೆ ಹಾಲು ಕರೆಯುವವರು ಅವಳು ಮತ್ತು ಅವಳ ಅಪ್ಪ. ಯಾರ ಬಲವಂತವೂ ಇಲ್ಲ. ಬ್ರೆಜಾ ಎಂಬ ಹಸು ಇವಳಲ್ಲದೆ ಬೇರೆಯವರಿಗೆ ಹಾಲು ಇಳಿಸುವುದಿಲ್ಲ.

“ಹಸುಗಳಿಂದ ನಂಗೆ ನಾಚಿಕೆ ಅಂದ್ಕೋಬೇಡಿ. ನಮ್ಮ ಚೀಸಿಗೆ ಇಡೀ ರವ್ನೆಯಲ್ಲಿ ಸಾಟಿ ಇಲ್ಲ.”

“ಅಂದ್ಕೊಂಡಿಲ್ಲ.”

“ಸೋಪು ಹಾಕಿ ಎರಡು ಸಲ ತೊಳೀತೀನಿ. ಆದ್ರೂ ವಾಸನೆ ಹೋಗಲ್ಲ. ಬೂಟಲ್ಲಿ ಇರುತ್ತೆ, ಮನೆ ಮೆಟ್ಟಿಲಲ್ಲಿ ಇರುತ್ತೆ. ನಮಗೇ ಗೊತ್ತಾಗಲ್ಲ ಅದು.” ಅವಳು ಮಡಿಸಿದ ಕಾಲುಚೀಲವನ್ನು ಜೇಬಿಗೆ ತುರುಕಿದಳು. “ಬೀಗ ಹಾಕಿದ ಮೊದಲನೇ ವಾರ ಎಲ್ಲರ ಜೊತೆ ಒಳಗೆ ಹೋದೆ. ಬೂಟು ಬಿಚ್ಚಿದೆ. ಯಾರೂ ಒಂದು ಮಾತೂ ಅನ್ಲಿಲ್ಲ. ಕಿಟಕಿ ತೆಗೆದ್ರು, ಅಷ್ಟೆ. ಜನವರಿಯಲ್ಲಿ. ಪುಟ್ಟ ಮಕ್ಕಳು ಚಳಿಗೆ ನಡುಗ್ತಾ ಕೂತಿದ್ರು, ಯಾರೂ ಮುಚ್ಚಲಿಲ್ಲ. ಅದಕ್ಕೇ ಆ ಕೋಣೆ ಖಾಲಿ ಆಗೋ ತನಕ ಇಲ್ಲಿ ಕಾಯ್ತೀನಿ.”

ಇಗರ್ಜಿಯ ಗೋಪುರದಲ್ಲಿ ಎರಡು ಬಾರಿಸಿತು. ಮೇಲೆ ಸಭೆಯ ಕೋಣೆಯಲ್ಲಿ ಕುರ್ಚಿಗಳನ್ನು ಎಳೆದಾಡುವ ಸದ್ದು ಕೊಳವೆಗಳ ಮೂಲಕ ಇಳಿದು ಬಂತು. ಇಪ್ಪತ್ತೇಳು ವರ್ಷದ ಅಭ್ಯಾಸ, ಮಿಲೊಯ್ಕಾಳ ಕಾಲುಗಳು ತಾವಾಗಿಯೇ ಏಳಲು ಹೋದವು. ಅವಳು ಮಂಡಿಯ ಮೇಲೆ ಕೈ ಒತ್ತಿ ಕುಳಿತಳು.

“ನಿಮಗೆ ತಡ ಆಗುತ್ತೆ,” ಎಂದಳು ತಿಂಕಾರಾ.

“ಆಗ್ಲಿ. ಹೇಳು.”

“ಹೇಳೋದು ಇಷ್ಟೇ. ಇದನ್ನ ಮೇಲೆ ಯಾರಿಗಾದ್ರೂ ಹೇಳಿದ್ರೆ, ಅವ್ರು ಕಳಿಸೋ ಮೊದಲು ನಾನೇ ಪಟ್ಟಣದ ಶಾಲೆಗೆ ಹೋಗ್ತೀನಿ. ಅಯ್ಯೋ ಪಾಪ ಅಂತ ಅನ್ನಿಸ್ಕೊಂಡು ಇಲ್ಲಿ ಇರಲ್ಲ.”

“ಹೇಳಲ್ಲ. ಮಾತು ಕೊಟ್ಟೆ.”

ಹುಡುಗಿ ಅವಳ ಮುಖವನ್ನು, ಮಾಲು ಕೊಳ್ಳುವ ಮೊದಲು ನೋಡುವವರಂತೆ, ನಿಧಾನವಾಗಿ ನೋಡಿದಳು. ಅದೇ ಗದ್ದ, ಅದೇ ಬಿಗಿ. ಇಂಥ ಹುಡುಗಿಯ ಬಗ್ಗೆ ಸುಳ್ಳು ಹೇಳುತ್ತಾಳೆ ಎಂದು ಬರೆದೆನಲ್ಲ ಎಂದು ಮಿಲೊಯ್ಕಾಳ ಕಿವಿ ಬಿಸಿಯಾಯಿತು. ಜೊತೆಗೆ, ಯಾಕೆಂದು ತಿಳಿಯದೆ, ಹೆಮ್ಮೆಯೂ ಆಯಿತು. ಅದು ತಿಂಕಾರಾಳ ಮೇಲಿನ ಹೆಮ್ಮೆಯೋ, ಕತ್ತಲಲ್ಲಿ ಒಬ್ಬಳೇ ಕುಳಿತ ಇನ್ನೊಬ್ಬ ಹುಡುಗಿಯ ಮೇಲಿನದೋ, ಹೇಳುವುದು ಕಷ್ಟ.

ಎರಡು ಗಂಟೆ ಒಂಬತ್ತು ನಿಮಿಷಕ್ಕೆ ಅವಳು ಸಭೆಯ ಬಾಗಿಲು ತೆರೆದಳು. ಹದಿನೆಂಟು ಮುಖಗಳು ಒಟ್ಟಿಗೆ ತಿರುಗಿದವು. ಬಾಗಿಲಿನಿಂದ ಕುರ್ಚಿಗೆ ಇಷ್ಟು ದೂರ ಇದೆಯೆಂದು ಅವಳಿಗೆ ಈವರೆಗೆ ಗೊತ್ತಿರಲಿಲ್ಲ. ಒಂದೊಂದು ಹೆಜ್ಜೆಗೂ ಬಟ್ಟೆಚಪ್ಪಲಿ ಪಟ್ ಎನ್ನುತ್ತಿತ್ತು, ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಇದನ್ನು ಆ ಹುಡುಗಿ ಮೂವತ್ತೊಂದು ಸಲ ನಡೆದಿದ್ದಾಳೆ. ಕಿಟಕಿ ಪಕ್ಕದ ಕುರ್ಚಿಯಲ್ಲಿ ಗಣಿತದ ವೋಯ್ಕೊ ಕುಳಿತುಬಿಟ್ಟಿದ್ದ. ಅವನು ತಿಂಕಾರಾಳ ತರಗತಿಯ ಹೊಣೆ ಹೊತ್ತವನು, ಅವನ ಮುಂದೆ ಅಕ್ರೋಟು ತುಂಬಿದ ಸುರುಳಿ ಕೇಕಿನ, ಪೊತಿತ್ಸಾದ, ದೊಡ್ಡ ತುಂಡಿತ್ತು.

“ಮಿಲೊಯ್ಕಾ, ನಾವು ಆಂಬುಲೆನ್ಸ್ ಕರೆಯೋದ್ರಲ್ಲಿದ್ವಿ,” ಎಂದಳು ಕ್ಸೇನಿಯಾ. ಎಲ್ಲರೂ ನಕ್ಕರು.

ತಿಂಕಾರಾಳ ಸರದಿ ಬಂದಾಗ ವೋಯ್ಕೊ ಮಿಲೊಯ್ಕಾಳ ವಾಕ್ಯವನ್ನು ಗಟ್ಟಿಯಾಗಿ ಓದಿದ. ಅವನ ಬಾಯಲ್ಲಿ ಅದು ಇನ್ನೂ ಚೆನ್ನಾಗಿ ಕೇಳಿಸಿತು.

“ಆ ವಾಕ್ಯ ವಾಪಸ್ ತಗೋತೀನಿ,” ಎಂದಳು ಮಿಲೊಯ್ಕಾ.

“ನೀವೇ ಬರೆದದ್ದಲ್ವಾ?” ಎಂದ ವೋಯ್ಕೊ.

“ಬರೆದೋಳೂ ನಾನೇ, ಅಳಿಸೋಳೂ ನಾನೇ. ಅವಳು ತಡವಾಗೋಕೆ ಕಾರಣ ಇದೆ, ನಂಗೆ ಗೊತ್ತಾಗಿದೆ. ಇಲ್ಲಿ ಹೇಳಲ್ಲ.”

“ಹೇಳದೆ ಇದ್ರೆ ನಾವು ಹ್ಯಾಗೆ ನಂಬೋದು? ನಿಯಮ ಎಲ್ಲರಿಗೂ ಒಂದೇ. ನಿಮ್ಮಿಂದ್ಲೇ ಕಲಿತದ್ದು ನಾವು.”

ಅವಮಾನವಾಯಿತು. ಆದರೆ ಅವನು ಹೇಳಿದ್ದು ನಿಜ. ಅವಳು ಮೇಜಿನ ಮೇಲೆ ಕೈಯೂರಿ ಎದ್ದು ನಿಂತಳು.

“ಈ ಕೋಣೆ ನೆಲಾನ ಹದಿನೇಳು ವರ್ಷ ಒರೆಸಿದೋಳು ನನ್ನಮ್ಮ. ಹೆಸರು ಪಾವ್ಲಾ. ನಿಮ್ಮಲ್ಲಿ ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ನಾನೇ ಹೇಳಿಲ್ಲ. ನಾನು ದಿನಾ ಎಲ್ಲರಿಗಿಂತ ಮೊದಲು ಬರ್ತಿದ್ದೆ. ಶಿಸ್ತು ಇತ್ತು ಅಂತ ಅಲ್ಲ. ಅವಳ ಜೊತೆ ಬರೋದನ್ನ ಯಾರೂ ನೋಡಬಾರದು ಅಂತ. ಪುರಸಭೆ ಅದಕ್ಕೆ ಪ್ರಶಸ್ತಿ ಕೊಡ್ತು, ನಾನು ಗೋಡೆಗೆ ಹಾಕ್ಕೊಂಡೆ. ಗಡಿಯಾರ ನೋಡಿದ್ರೆ ಮಕ್ಕಳು ಯಾವಾಗ ಬಂದ್ರು ಅಂತ ಗೊತ್ತಾಗುತ್ತೆ, ಅಷ್ಟೆ. ಯಾಕೆ ಅಂತ ಗೊತ್ತಾಗಲ್ಲ. ಆ ಹುಡುಗೀನ ಬೇಸಿಗೆ ರಜೆ ತನಕ ನಂಗೆ ಬಿಟ್ಕೊಡಿ. ನಾಳೆಯಿಂದ ಚಪ್ಪಲಿ ಕೋಣೆ ಏಳು ಇಪ್ಪತ್ತಕ್ಕೇ ತೆರೆದಿರುತ್ತೆ, ಬಸ್ಸಲ್ಲಿ ಬರೋ ಎಲ್ಲ ಮಕ್ಕಳಿಗೂ. ಬೀಗ ತೆಗೆಯೋಳು ನಾನು.”

ಅಮ್ಮನ ಹೆಸರು ಈ ಗೋಡೆಗಳ ನಡುವೆ ಗಟ್ಟಿಯಾಗಿ ಕೇಳಿದ್ದು ಇದೇ ಮೊದಲು. ಅದು ಕಿವಿಗೆ ಎಷ್ಟು ಹಿತವಾಗಿತ್ತೆಂದರೆ ಮಿಲೊಯ್ಕಾಗೆ ಇನ್ನೊಮ್ಮೆ ಹೇಳಬೇಕೆನಿಸಿತು. ನಲವತ್ತು ವರ್ಷದ ಹಿಂದೆ ಪಡಸಾಲೆಯಲ್ಲಿ ಒಂದು ಸಲ ‘ಅಮ್ಮಾ’ ಎಂದಿದ್ದರೆ ಏನಾಗಿಬಿಡುತ್ತಿತ್ತು, ಏನೂ ಆಗುತ್ತಿರಲಿಲ್ಲ, ಬಕೆಟ್ಟು ಕೆಳಗಿಟ್ಟು ಅಮ್ಮ ತಿರುಗಿ ನೋಡುತ್ತಿದ್ದಳು. ಕ್ಸೇನಿಯಾ ಮತಕ್ಕೆ ಹಾಕಿದಳು. ಪತ್ರ ಬೇಡವೆಂದು ಹನ್ನೊಂದು ಕೈ ಎದ್ದವು, ಬೇಕೆಂದು ಏಳು. ವೋಯ್ಕೊ ಏಳರಲ್ಲಿ ಒಬ್ಬ. ಆಮೇಲೆ ಅವನು ಪೊತಿತ್ಸಾದ ತಟ್ಟೆಯನ್ನು ಅವಳ ಕಡೆ ತಳ್ಳಿದ.

ಸಭೆ ಮುಗಿದು ಎಲ್ಲರೂ ಮುಂಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದಾಗ ಕ್ಸೇನಿಯಾ ಆ ಸಣ್ಣ ಮೇಜಿನ ಮೇಲೆ ಬೆರಳು ಬಡಿದಳು. ಅವಳ ದನಿಯಲ್ಲಿ ತಮಾಷೆಯೂ ಇತ್ತು, ಇನ್ನೇನೋ ಮೆತ್ತನೆಯದೂ ಇತ್ತು.

“ನಿಯಮ ಎಲ್ಲರಿಗೂ ಒಂದೇ ಅಂದ್ರು ವೋಯ್ಕೊ. ಬರೀರಿ ಮತ್ತೆ.”

ಮಿಲೊಯ್ಕಾ ಪುಸ್ತಕ ತೆರೆದಳು. ಇವತ್ತಿನ ಕೊನೆಯ ಸಾಲು ತಿಂಕಾರಾಳದು. ಅದರ ಕೆಳಗೆ ಅವಳು ದುಂಡಗೆ ತನ್ನ ಹೆಸರು ಬರೆದಳು. ತರಗತಿಯ ಜಾಗದಲ್ಲಿ ಒಂದು ಗೆರೆ ಎಳೆದಳು. ಗಂಟೆ, ಎರಡು ಒಂಬತ್ತು. ಕಾರಣದ ಅಂಕಣದ ಮುಂದೆ ಪೆನ್ನು ಒಂದು ಕ್ಷಣವೂ ನಿಲ್ಲಲಿಲ್ಲ. ‘ಬಸ್ಸು’ ಎಂದು ಬರೆದಳು.

ಕ್ಸೇನಿಯಾ ಅವಳ ಭುಜದ ಮೇಲಿಂದ ಬಗ್ಗಿ ಓದಿದಳು. ರಸ್ತೆಯ ಆಚೆ, ಮಿಲೊಯ್ಕಾಳ ಅಡುಗೆಮನೆಯ ಕಿಟಕಿಯಲ್ಲಿ ಜೆರೇನಿಯಂ ಕುಂಡ ಕೂಡ ಸ್ಪಷ್ಟವಾಗಿ ಕಾಣುತ್ತಿತ್ತು.

“ಬಸ್ಸಾ?”

“ಹೂಂ,” ಎಂದಳು ಮಿಲೊಯ್ಕಾ. “ಕಾರಣ ಬರೀಬೇಕು ಅಂತಿದೆ, ಬರೆದೆ.”

ಪುಟವನ್ನು ಮುಚ್ಚದೆ, ನಾಳೆ ಬೆಳಿಗ್ಗೆ ಬಾಗಿಲು ದಾಟಿ ಬಂದವರಿಗೆ ಮೊದಲು ಕಣ್ಣಿಗೆ ಬೀಳುವಂತೆ, ಅವಳು ಪುಸ್ತಕವನ್ನು ತೆರೆದೇ ಇಟ್ಟಳು. ಆಮೇಲೆ ಬೀಗದ ಕೈ ಇಸಿದುಕೊಳ್ಳಲು ಸ್ಟೊಯಾನನ ಹತ್ತಿರ ಹೊರಟಳು, ಅಮ್ಮ ದಿನಾ ಒರೆಸುತ್ತಿದ್ದ ಪಡಸಾಲೆಯ ನಟ್ಟನಡುವೆ, ಯಾವ ಅವಸರವೂ ಇಲ್ಲದೆ.